ಬೆಕ್ಕಿಗಾಗಿ ಹಾಕಿದ ಬೀಗ

ಮಾರ್ಚ್ ೩, ಸೋಮವಾರ

ಹೊಸ ನಾಟಕ ಶುರುವಾಯಿತು. ಸಾದಾ ನಾಟಕವಲ್ಲ, ಒಪೆರಾ. ಮಾತಿನಲ್ಲಿ ಮುಗಿಯಬಹುದಾದ ಜಗಳವನ್ನು ಹಾಡಿ ಲಂಬಿಸುವುದಕ್ಕೆ ಹಾಗೆನ್ನುತ್ತಾರೆ. ಕತೆ ಇಷ್ಟು: ಒಬ್ಬ ಮುದುಕ, ಅವನು ಸಾಕಿದ ಒಬ್ಬ ಹುಡುಗಿ. ಅವಳನ್ನು ಯಾರೂ ಕಣ್ಣೆತ್ತಿ ನೋಡಬಾರದೆಂದು ಮುದುಕ ಬಾಗಿಲಿಗೆ ದಿನಕ್ಕೊಂದು ಹೊಸ ಬೀಗ ಹಾಕಿಸುತ್ತಾನೆ. ಬೀಗ ಹಾಕಲು ಬರುವವನೇ ಅವಳ ಪ್ರಿಯಕರ. ಪ್ರತಿ ಬೀಗಕ್ಕೂ ಎರಡು ಕೀಲಿಕೈ ಮಾಡಿ, ಒಂದು ಮುದುಕನ ಕೈಗೆ, ಇನ್ನೊಂದು ಹುಡುಗಿಯ ಕೈಗೆ ಕೊಟ್ಟು ಹೋಗುತ್ತಾನೆ. ಕೊನೆಗೆ ಮುದುಕನೇ ಒಳಗೆ ಸಿಕ್ಕಿಬೀಳುತ್ತಾನೆ, ಜೋಡಿ ಹೊರಗೆ ನಿಂತು ಹಾಡುತ್ತದೆ, ತೆರೆ ಬೀಳುತ್ತದೆ.

ನನ್ನ ಕೆಲಸ ಎಂದಿನದೇ. ಪಕ್ಕದ ಪರದೆಯ ಮರೆಯಲ್ಲಿ ಮುಕ್ಕಾಲಿಯ ಮೇಲೆ ಕೂತು, ಯಾರಿಗೆ ಮಾತು ಮರೆತರೂ ಪಿಸುದನಿಯಲ್ಲಿ ಎತ್ತಿಕೊಡುವುದು. ಮೊದಲು ಒಂದು ಪದ. ಅದನ್ನು ಹಿಡಿದುಕೊಳ್ಳದಿದ್ದರೆ ಇನ್ನೊಂದು. ಅದಕ್ಕೂ ಇಲ್ಲವೆಂದರೆ ಇಡೀ ಸಾಲು. ಬಾಯಿ ತೆರೆದು ಮಾತಿಲ್ಲದೆ ನಿಂತ ಮನುಷ್ಯನನ್ನು ಕಂಡರೆ ನನ್ನ ತುಟಿ ತಾನಾಗಿ ಆಡುತ್ತದೆ. ತಂಡದವರು ನನ್ನನ್ನು ಪಿಸು ಎನ್ನುತ್ತಾರೆ. ಈಗ ನಿಜವಾದ ಹೆಸರು ಹಿಡಿದು ಕರೆದರೆ ನಾನೇ ತಿರುಗಿ ನೋಡುವುದಿಲ್ಲ.

ನಿರ್ದೇಶಕಿಗೆ ಹೇಳಿದೆ, "ಮೇಡಂ, ಇಂಥ ಮುದುಕ ಎಲ್ಲಿರ್ತಾನೆ? ಜನ ನಂಬ್ತಾರಾ?"

ಆಕೆ ಕನ್ನಡಕ ತೆಗೆದು ನನ್ನನ್ನೇ ನೋಡಿದರು. "ನಂಬ್ತಾರೆ ಪಿಸು. ಚೆನ್ನಾಗಿ ನಂಬ್ತಾರೆ" ಎಂದು ಹೇಳಿ, ಎಂದಿನಂತೆ ಎಲ್ಲರಿಗೂ "ಇನ್ನೊಂದ್ಸಲ" ಎಂದು ಕೂಗಿದರು. ಆಕೆಗೆ ನಾವಿಟ್ಟಿರುವ ಹೆಸರೂ ಅದೇ, ಇನ್ನೊಂದ್ಸಲ ಮೇಡಂ.

ತಲೆನೋವು ಬೇರೆಯೇ ಇದೆ. ಪಿಯಾನೊ ನುಡಿಸುವವನು ಬೇರೆ ತಂಡಕ್ಕೆ ಹಾರಿದ್ದಾನೆ. ಅವನ ಜಾಗಕ್ಕೆ ಮೇಡಂ ಕೇಳಿದ್ದು ನಮ್ಮ ಹುಡುಗಿಯನ್ನು. ನನ್ನ ತಮ್ಮನ ಮಗಳು. ತಮ್ಮನೂ ಅವನ ಹೆಂಡತಿಯೂ ತೀರಿಹೋದ ಮೇಲೆ, ಎರಡು ಜಡೆ ಒಂದು ಪೆಟ್ಟಿಗೆ ಸಮೇತ ನನ್ನ ಮನೆಗೆ ಬಂದವಳು. ಈಗ ಎರಡು ಜಡೆ ಒಂದಾಗಿದೆ, ಪೆಟ್ಟಿಗೆ ಇದ್ದ ಜಾಗದಲ್ಲಿ ಪಿಯಾನೊ ಇದೆ. ಮನೆಯಲ್ಲೇ ಮಕ್ಕಳಿಗೆ ಪಾಠ ಹೇಳಿಕೊಂಡು ಸುಖವಾಗಿದ್ದಾಳೆ. ನಾಟಕದವರ ನಡುವೆ ಅವಳಿಗೇನು ಕೆಲಸ? "ಕೇಳಿ ನೋಡ್ತೀನಿ" ಎಂದು ತಪ್ಪಿಸಿಕೊಂಡೆ. ಮನೆಗೆ ಬಂದು ಚಪ್ಪಲಿ ಬಿಡುವುದರೊಳಗೆ ಅವಳು, "ಒಪ್ಕೊಂಡಾಯ್ತು ದೊಡ್ಡಪ್ಪ" ಎಂದಳು.

ಯಾರು ಕೇಳಿದರು, ಯಾವಾಗ ಕೇಳಿದರು, ತಿಳಿಯದು.

ಮಾರ್ಚ್ ೫, ಬುಧವಾರ

ಅಭ್ಯಾಸದ ಕೋಣೆಯಲ್ಲಿ ನನ್ನ ಮುಕ್ಕಾಲಿ ಎಡತುದಿಯಲ್ಲಿ, ಪಿಯಾನೊ ಬಲತುದಿಯಲ್ಲಿ. ಈ ಕೋಣೆ ಇಷ್ಟು ಅಗಲವಿದೆ ಎಂದು ಇಷ್ಟು ವರ್ಷ ಗಮನಿಸಿರಲಿಲ್ಲ.

ಪ್ರಿಯಕರನ ಪಾತ್ರ ಮಾಡುವವನು ಮಫ್ಲರ್. ಸುಡುಬಿಸಿಲಿನಲ್ಲೂ ಗಂಟಲಿಗೆ ಸುತ್ತಿಕೊಂಡೇ ಇರುತ್ತಾನೆ. ಹಾಡುವಾಗ ಪಿಯಾನೊ ಮೇಲೆ ಮೊಣಕೈ ಊರುತ್ತಾನೆ, ಹಾಡು ಮುಗಿದ ಮೇಲೂ ಊರಿಕೊಂಡೇ ಇರುತ್ತಾನೆ. ನಮ್ಮ ಹುಡುಗಿ ನಕ್ಕಳು. ಯಾಕೆಂದು ಕೇಳಿದರೆ, "ಶ್ರುತಿ ತಪ್ಪಿದ ದೊಡ್ಡಪ್ಪ, ನಗು ಬಂತು" ಎಂದಳು. ಶ್ರುತಿ ತಪ್ಪಿದರೆ ತಿದ್ದಬಹುದು. ಗತಿ ತಪ್ಪಿದರೆ?

ಅದನ್ನೇ ಯೋಚಿಸುತ್ತ ಮುದುಕನ ಪಾತ್ರ ಮಾಡುವ ದಪ್ಪದನಿಗೆ ಎರಡು ಪುಟ ಮುಂದಿನ ಮಾತು ಎತ್ತಿಕೊಟ್ಟುಬಿಟ್ಟೆ. ಅವನು ನಂಬಿ ಹಾಡಿದ. ಹುಡುಗಿಯನ್ನು ಬೀಗ ಹಾಕಿ ಕೂಡಿಹಾಕುವ ಮೊದಲೇ ಅವಳು ಓಡಿಹೋದಳೆಂದು ಅತ್ತ.

ಒಂದು ಉಪಾಯ ಮಾಡಿದ್ದೇನೆ. ಅಭ್ಯಾಸ ಮುಗಿದ ಮೇಲೆ ಮಾತು ಕಲಿಯದವರನ್ನು ಕೂರಿಸಿಕೊಂಡು ಕಲಿಸುವುದು ನನ್ನ ಪಾಲಿಗೆ ಬಂದಿದೆ. ಅಷ್ಟರಲ್ಲಿ ಮಫ್ಲರ್ ಅವಳನ್ನು ಮನೆಯವರೆಗೆ ಬಿಡುವ ನೆಪ ತೆಗೆದರೆ? ಅದಕ್ಕೆ ರಂಗಸಜ್ಜಿಕೆಯ ಬಡಗಿಗೆ ಹೇಳಿದೆ, "ನೀನು ಆ ಕಡೆಯೇ ಹೋಗ್ತೀಯಲ್ಲ, ನಮ್ಮ ಹುಡುಗೀನ ಮನೆ ತಲುಪಿಸು." ಅವನನ್ನು ಮೊಳೆ ಎನ್ನುತ್ತೇವೆ. ಯಾವಾಗಲೂ ತುಟಿಗಳ ನಡುವೆ ಒಂದು ಹಿಡಿ ಮೊಳೆ ಇರುತ್ತದೆ, ಆದ್ದರಿಂದ ಮಾತಿಲ್ಲ. ಅವನು ತಲೆಯಾಡಿಸಿದ. ಬಾಯಿಗೆ ಮೊಳೆ ಜಡಿದುಕೊಂಡವನಿಂದ ಏನು ಭಯ?

ಮನೆಗೆ ಬಂದು ಬೀದಿ ಕಡೆಯ ಕಿಟಕಿ ಮುಚ್ಚಿದೆ. ಗಾಳಿ ಜಾಸ್ತಿ.

ಮಾರ್ಚ್ ೧೦, ಸೋಮವಾರ

ನಮ್ಮದು ಮಹಡಿ ಮನೆ. ಮುಂಬಾಗಿಲ ಮೆಟ್ಟಿಲು ನನ್ನ ಕುರ್ಚಿಗೆ ನೇರವಾಗಿ ಕಾಣುತ್ತದೆ, ಅದಕ್ಕೆ ಯೋಚನೆಯಿಲ್ಲ. ಅಡುಗೆಮನೆಯಿಂದ ಓಣಿಗೆ ಇಳಿಯುವ ಹಿಂಬಾಗಿಲು ಮಾತ್ರ ಹೇಳೋರು ಕೇಳೋರು ಇಲ್ಲದ ಬಾಗಿಲು. ಅದಕ್ಕೆ ಚಿಲಕ ಹಾಕಿಸಿ ಬೀಗ ಜಡಿಯೋಣ ಎಂದೆ.

"ಇಷ್ಟು ವರ್ಷ ಇಲ್ಲದ್ದು ಈಗ್ಯಾಕೆ?" ಎಂದಳು.

"ಬೆಕ್ಕಿನ ಕಾಟ."

"ಯಾವ ಬೆಕ್ಕು?"

"ಬೂದು ಬಣ್ಣದ್ದು." ಸುಳ್ಳಿಗೆ ಬಣ್ಣ ಬಳಿದರೆ ಗಟ್ಟಿಯಾಗಿ ನಿಲ್ಲುತ್ತದೆ, ರಂಗಭೂಮಿ ಕಲಿಸಿದ ವಿದ್ಯೆ.

"ಬೆಕ್ಕಿಗೆ ಚಿಲಕ ಸಾಕಲ್ವ? ಬೀಗ ಹಾಕಿ ಕೀಲಿಕೈ ನಿಮ್ಮ ಜೇಬಲ್ಲಿ ಇಟ್ಕೋಬೇಕಾ?"

"ಈಗಿನ ಬೆಕ್ಕುಗಳು ಬಹಳ ಮುಂದುವರಿದಿವೆ ಕಣಮ್ಮ."

ಅವಳು ಪಾತ್ರೆ ತೊಳೆಯತೊಡಗಿದಳು. ಪಾತ್ರೆಗಳ ಸದ್ದಿನಲ್ಲಿ ಅವಳ ಪಾತ್ರ ಏನೆಂದು ತಿಳಿಯಿತು. ಕೋಪದ್ದು.

ಆದರೆ, ಮೊಳೆ ಬಂದು ಹಾಕಿಕೊಡುತ್ತಾನೆ ಎಂದ ಕೂಡಲೇ, "ಹಾಗಾದ್ರೆ ಹಾಕ್ಸಿ ದೊಡ್ಡಪ್ಪ. ಬೆಕ್ಕಂದ್ರೆ ಬೆಕ್ಕೇ, ಹುಷಾರಾಗಿರೋದು ಒಳ್ಳೇದು" ಎಂದಳು. ಹೆಣ್ಣುಮಕ್ಕಳ ಮನಸ್ಸು ಮುಂಜಾನೆ ಒಂದು ರಾಗ, ಸಂಜೆ ಒಂದು ರಾಗ.

ಮಾರ್ಚ್ ೧೮, ಮಂಗಳವಾರ

ರಂಗದ ಮೇಲೆ ಚಹಾ ಆರುವುದರೊಳಗೆ ಒಂದು ಅರಮನೆ ಎಬ್ಬಿಸುವ ಮೊಳೆಗೆ ನಮ್ಮ ಮನೆಯ ಒಂದು ಬಾಗಿಲು ಬಗ್ಗುತ್ತಿಲ್ಲ. ಮೊದಲ ಸಲ ಬಂದು ನೋಡಿದ. ಎರಡನೇ ಸಲ ಅಳತೆ ತೆಗೆದ. ಇವತ್ತು ಅಳತೆ ಸರಿಯಿತ್ತೇ ಎಂದು ನೋಡಲು ಬಂದ. ಕದ ಉಬ್ಬಿದೆಯಂತೆ, ಉಜ್ಜಬೇಕಂತೆ. ಕದಕ್ಕೆ ಒಂದು 'ನ' ಸೇರಿಸಿದರೆ ಕದನ ಎಂದು ತಮಾಷೆ ಮಾಡಿದೆ. ಬಾಯಲ್ಲಿ ಮೊಳೆ ಇದ್ದದ್ದರಿಂದ ಅವನು ನಗಲಿಲ್ಲ. ನಮ್ಮ ಹುಡುಗಿ ಅವನ ಪಾಲಿನದನ್ನೂ ಸೇರಿಸಿ ನಕ್ಕಳು.

ಮಫ್ಲರ್ ಈ ಕಡೆ ಸುಳಿಯದಿರಲಿ ಎಂದು ನಾನು ಮುಂಬಾಗಿಲ ಎದುರು ಕುರ್ಚಿಯಲ್ಲಿ ಕಾವಲು ಕೂತೆ. ಅಡುಗೆಮನೆಯಿಂದ ಉಜ್ಜುವ ಸದ್ದು, ಆಮೇಲೆ ನಗು, ಆಮೇಲೆ ಉಜ್ಜುವ ಸದ್ದೂ ಇಲ್ಲ.

"ಮರ ಉಜ್ಜೋದ್ರಲ್ಲಿ ನಗೋವಂಥದ್ದೇನಿದೆ?" ಎಂದು ಕೂಗಿ ಕೇಳಿದೆ.

"ಹೊಟ್ಟು ಮೂಗಿನ ಮೇಲೆ ಬಿತ್ತು ದೊಡ್ಡಪ್ಪ."

ಯಾರ ಮೂಗಿನ ಮೇಲೆ ಎಂದು ಕೇಳುವುದು ಮರೆತೆ. ಈಗ ಬರೆಯುವಾಗ ನೆನಪಾಯಿತು. ಇರಲಿ, ಮೂಗು ಯಾರದಾದರೇನು.

ಮಾರ್ಚ್ ೨೧, ಶುಕ್ರವಾರ

ಅನಾಹುತ. ದಪ್ಪದನಿಯ ಗಂಟಲು ಕಟ್ಟಿಹೋಗಿದೆ. ವೈದ್ಯರು ಒಂದು ತಿಂಗಳು ಮಾತೇ ಆಡಬಾರದೆಂದಿದ್ದಾರೆ. ಹೊಸಬರನ್ನು ಹುಡುಕಿ ಕಲಿಸಲು ಸಮಯವಿಲ್ಲ. ಮುದುಕನ ಮಾತು ಪೂರ್ತಿ ಬಾಯಿಪಾಠ ಇರುವವನು ಇಡೀ ತಂಡದಲ್ಲಿ ಒಬ್ಬನೇ.

"ನನಗೆ ಹಾಡಕ್ಕೆ ಬರಲ್ಲ ಮೇಡಂ."

"ಹಾಡಬೇಡಿ. ತಾಳಕ್ಕೆ ಸರಿಯಾಗಿ ಗೊಣಗಿ. ಮನೇಲಿ ಗೊಣಗಲ್ವಾ, ಹಾಗೆ."

ನಾನು ಮನೆಯಲ್ಲಿ ಗೊಣಗುತ್ತೇನೆಂದು ಇವರಿಗೆ ಹೇಳಿದವರು ಯಾರು?

ವೇಷದ ಅಳತೆಗೆ ಹೊಲಿಗೆಯಮ್ಮನ ಹತ್ತಿರ ಹೋದೆ. ತಂಡದ ಬಟ್ಟೆಗಳೆಲ್ಲ ಈಕೆಯ ಕೈಯಿಂದಲೇ ಆಗುವುದು. ನನ್ನ ವಯಸ್ಸಿನವರು. ಕತ್ತರಿ ಹರಿತವೋ ನಾಲಿಗೆ ಹರಿತವೋ ಎಂಬ ವಿಷಯದಲ್ಲಿ ತಂಡದಲ್ಲಿ ಎರಡು ಪಕ್ಷಗಳಿವೆ. ಅಳತೆಪಟ್ಟಿ ಕೊರಳಿಗೆ ಹಾಕಿಕೊಂಡು ನನ್ನ ಸುತ್ತ ಒಂದು ಸುತ್ತು ಬಂದರು.

"ಏನ್ರೀ ಪಿಸು, ನಿಮಗೆ ಬೇರೆ ಬಟ್ಟೆ ಹೊಲಿಯೋದು ದಂಡ. ಮನೇಲಿ ಹಾಕೋದನ್ನೇ ಹಾಕ್ಕೊಂಡು ಬಂದ್ಬಿಡಿ. ಪಾತ್ರಕ್ಕೆ ಹೇಳಿ ಮಾಡಿಸಿದ ಹಾಗಿರತ್ತೆ."

"ಯಾಕೆ, ನನ್ನ ಬಟ್ಟೆ ಅಷ್ಟು ಹಳೇದಾ?"

"ಬಟ್ಟೆ ವಿಷಯ ಅಲ್ಲ ನಾನು ಹೇಳಿದ್ದು" ಎಂದು ಬಾಯಿಗೆ ಗುಂಡುಸೂಜಿ ಕಚ್ಚಿಕೊಂಡರು. ಈ ತಂಡದಲ್ಲಿ ಒಬ್ಬರ ಬಾಯಲ್ಲಿ ಮೊಳೆ, ಒಬ್ಬರ ಬಾಯಲ್ಲಿ ಸೂಜಿ. ಪೂರ್ತಿ ಮಾತು ಯಾರೂ ಆಡುವುದಿಲ್ಲ.

ಮಾರ್ಚ್ ೨೪, ಸೋಮವಾರ

ಮೊಳೆ ಇವತ್ತು ಬರಲಿಲ್ಲ. ಮನೆ ಬಿಕೋ ಎನ್ನುತ್ತಿತ್ತು. ಬಾಗಿಲ ಕೆಲಸ ಅರ್ಧಕ್ಕೆ ನಿಂತಿರುವುದರಿಂದ ಇರಬೇಕು.

ಮಾರ್ಚ್ ೨೭, ಗುರುವಾರ

ಮುಗಿಯಿತು. ಎಂಥ ಚಿಲಕ! ಎಳೆದರೆ ಠಣ್ ಎಂದು ಇಡೀ ಮನೆಗೆ ಕೇಳಿಸುತ್ತದೆ. ರಂಗದಲ್ಲಿ ಕೊನೆಯ ಸಾಲಿನವರಿಗೂ ಕೇಳಿಸಬೇಕಾದ ಸದ್ದು. ಬೀಗ ಜಡಿದು, ಕೀಲಿಕೈ ಜೇಬಿಗಿಳಿಸಿ, ಬೀಗವನ್ನು ನೋಡಿ ನಾನೂ ಸ್ವಲ್ಪ ಬೀಗಿದೆ.

ಊಟಕ್ಕೆ ಏಳು ಎಂದರೆ ಮೊಳೆ ಸಂಕೋಚಪಟ್ಟ. ಕೈಹಿಡಿದು ಕೂರಿಸಿದೆ. ಉಣ್ಣುವಾಗ ಬಾಯಲ್ಲಿ ಮೊಳೆ ಇಲ್ಲದ್ದರಿಂದ ಒಂದೆರಡು ಮಾತು ಹೊರಬಂತು. ಹುಟ್ಟಿದಾಗಿನಿಂದ ನಾಟಕ ತಂಡದಲ್ಲೇ ಬೆಳೆದವನಂತೆ, ಅಪ್ಪನೂ ರಂಗದ ಬಡಗಿಯೇ ಅಂತೆ. ಹಳೇ ನಾಟಕಗಳ ಕತೆ ನಾನು ಹೇಳಿದೆ, ಅವನು ಕೇಳಿದ. ಮಾತಾಡದವನ ಜೊತೆ ಮಾತಾಡುವುದು ಎಂಥ ಸುಖ. ಎಲ್ಲ ನಮ್ಮದೇ.

ಹೋಗುವಾಗ ನಾನೇ ಕರೆದೆ, "ಆಗಾಗ ಬರ್ತಿರಪ್ಪ. ಬಾಗಿಲು ಸರಿಯಾಗಿದೆಯಾ ನೋಡ್ಕೊಂಡು ಹೋಗು."

ನಮ್ಮ ಹುಡುಗಿ ನನ್ನ ತಟ್ಟೆಗೆ ಕೇಳದೆಯೇ ಇನ್ನೊಂದು ಸೌಟು ಬಡಿಸಿದಳು.

ಏಪ್ರಿಲ್ ೧, ಮಂಗಳವಾರ

ಒಂದು ವಿಷಯ ತಲೆಗೆ ಹತ್ತುತ್ತಿಲ್ಲ. ನಾನು ನಗಿಸಲು ಏನನ್ನೂ ಮಾಡುತ್ತಿಲ್ಲ, ಆದರೂ ಅಭ್ಯಾಸ ನೋಡುವವರೆಲ್ಲ ಬಿದ್ದು ಬಿದ್ದು ನಗುತ್ತಾರೆ. ಎರಡನೇ ಅಂಕದಲ್ಲಿ ಮುದುಕ ಹೇಳುತ್ತಾನೆ: "ನನಗೇನು ಹೊಟ್ಟೆಕಿಚ್ಚೇ? ಗಾಳಿ ಜಾಸ್ತಿ, ಅದಕ್ಕೇ ಕಿಟಕಿ ಮುಚ್ಚಿದೆ." ಇದರಲ್ಲಿ ನಗುವುದಕ್ಕೇನಿದೆ? ಗಾಳಿ ಜಾಸ್ತಿಯಾದರೆ ಯಾರಾದರೂ ಮುಚ್ಚುತ್ತಾರೆ.

"ಎಷ್ಟು ಸಹಜವಾಗಿ ಹೇಳ್ತೀರ್ರೀ" ಎಂದರು ಮೇಡಂ. ಪಿಯಾನೊ ಹಿಂದೆ ನಮ್ಮ ಹುಡುಗಿ ಮಾತ್ರ ನಗಲಿಲ್ಲ. ಮನೆಗೆ ಬಂದು ಕಿಟಕಿಯ ಹತ್ತಿರ ಹೋದೆ. ಮುಚ್ಚಲೋ ಬೇಡವೋ ಎಂದು ಅನುಮಾನವಾಗಿ ಅರ್ಧ ಮುಚ್ಚಿದೆ.

ಏಪ್ರಿಲ್ ೫, ಶನಿವಾರ

ಮೊದಲ ಪ್ರದರ್ಶನ. ಸಭಾಂಗಣ ತುಂಬಿತ್ತು.

ಕೊನೆಯ ಅಂಕ. ಬೀಗದವನ ವೇಷ ಕಳಚಿ ಪ್ರಿಯಕರ ನನ್ನೆದುರು ನಿಂತು ಹೇಳಬೇಕು: "ಯಜಮಾನರೇ, ನಿಮ್ಮ ಬೀಗಗಳೆಲ್ಲ ನಿಮಗೇ ಇರಲಿ, ನಿಮ್ಮ ಹುಡುಗಿಯನ್ನು ನನಗೆ ಕೊಡಿ." ಮಫ್ಲರ್ ನಿಂತ. ಬಾಯಿ ತೆರೆದ. ಮಾತು ಮಾಯ. ಪಿಯಾನೊ ಒಂದು ಸುತ್ತು ಬಂತು, ಎರಡು ಸುತ್ತು ಬಂತು. ಎತ್ತಿಕೊಡುವವನ ಮುಕ್ಕಾಲಿ ಖಾಲಿ, ಯಾಕೆಂದರೆ ಎತ್ತಿಕೊಡುವವನು ಮುದುಕನ ಗಡ್ಡ ಅಂಟಿಸಿಕೊಂಡು ರಂಗದ ನಡುವೆ ನಿಂತಿದ್ದಾನೆ.

ನಾನು ಯೋಚಿಸಲಿಲ್ಲ. ತುಟಿ ಆಡಿಬಿಟ್ಟಿತು. "ಯಜಮಾನರೇ" ಎಂದೆ. ಅವನು ಪಿಳಿಪಿಳಿ ನೋಡಿದ. "ನಿಮ್ಮ ಬೀಗಗಳೆಲ್ಲ" ಎಂದೆ. ಇಲ್ಲ. ಇಡೀ ಸಾಲು ಹೇಳಿಕೊಟ್ಟೆ. ಹುಡುಗಿಯನ್ನು ಬಚ್ಚಿಟ್ಟ ಮುದುಕನೇ ಅವಳನ್ನು ಕೇಳುವುದು ಹೇಗೆಂದು ಪ್ರಿಯಕರನಿಗೆ ಪಾಠ ಮಾಡುತ್ತಿದ್ದಾನೆ. ಚಾವಣಿ ಹಾರುವಂತೆ ನಗು.

ಪರದೆ ಬಿದ್ದ ಮೇಲೆ ತಲೆತಗ್ಗಿಸಿ ನಿಂತೆ. ಮೇಡಂ ಬೆನ್ನು ತಟ್ಟಿದರು. "ಅದನ್ನ ಹಾಗೇ ಇಟ್ಕೊಳ್ಳಿ. ದಿನಾ ಮಾಡಿ." ತಪ್ಪು ಮಾಡಿದ್ದಕ್ಕೆ ಶಿಕ್ಷೆ ಏನೆಂದರೆ ದಿನಾ ಅದೇ ತಪ್ಪು ಮಾಡುವುದು.

ಏಪ್ರಿಲ್ ೧೧, ಶುಕ್ರವಾರ

ನಾಟಕ ಗೆದ್ದಿದೆ. ಗೆದ್ದದ್ದರ ಫಲ, ಮುಂದಿನ ತಿಂಗಳ ಮೊದಲಲ್ಲೇ ತಂಡ ಪ್ರವಾಸ ಹೊರಡುತ್ತದೆ. ಊರಿಂದೂರಿಗೆ, ಒಂದು ವರ್ಷ. ಅಷ್ಟರಲ್ಲಿ ದಪ್ಪದನಿಯ ಗಂಟಲು ಸರಿಹೋಗುತ್ತದೆ. ನನ್ನ ಮಂಡಿಗೆ ಪ್ರಯಾಣ ಆಗದು. ಎಲ್ಲರಿಗೂ ಮಾತು ಬಾಯಿಪಾಠವಾಗಿದ್ದರಿಂದ ಎತ್ತಿಕೊಡುವವನೂ ಬೇಡ. ಮೊಳೆ ಹೋಗುತ್ತಾನೆ, ಅರಮನೆಯನ್ನು ಬಿಚ್ಚಿ ಕಟ್ಟಲು ಅವನು ಬೇಕೇ ಬೇಕು. ಪಿಯಾನೊಗೆ ನಮ್ಮ ಹುಡುಗಿಯನ್ನು ಕೇಳಿದ್ದಾರೆ.

ಊಟಕ್ಕೆ ಕೂತಾಗ ಅವಳೇ ತೆಗೆದಳು. "ದೊಡ್ಡಪ್ಪ, ನೀವು ಮನಸ್ಸಿಂದ ಹೂಂ ಅಂದ್ರೆ ಹೋಗ್ತೀನಿ. ಇಲ್ಲಾಂದ್ರೆ ಇಲ್ಲೇ ಇರ್ತೀನಿ. ಬೇಜಾರು ಮಾಡ್ಕೊಳ್ಳಲ್ಲ."

ನೀರು ಕುಡಿದೆ. ಇನ್ನೊಂದು ಲೋಟ ಕುಡಿದೆ.

"ಯೋಚ್ನೆ ಮಾಡಿ. ಮುಂದಿನ ವಾರ ಕಳೆದ ಮೇಲೆ ಮೇಡಂಗೆ ಹೇಳ್ಬೇಕು" ಎಂದಳು.

ಮಫ್ಲರ್ ಜೊತೆ, ಒಂದು ವರ್ಷ. ಆ ಮೊಣಕೈ, ಆ ಪಿಯಾನೊ. ನಿದ್ದೆ ಬರುವ ಹಾಗಿಲ್ಲ. ಹಿಂಬಾಗಿಲ ಬೀಗ ಎದ್ದು ನೋಡಿ ಬಂದೆ. ಗಟ್ಟಿಯಾಗಿದೆ.

ಏಪ್ರಿಲ್ ೧೩, ಭಾನುವಾರ

ಮಫ್ಲರ್‌ಗೆ ಹೆಂಡತಿ ಇದ್ದಾಳೆ. ಅವಳಿ ಮಕ್ಕಳೂ ಇವೆ. ಇವತ್ತು ನಾಟಕಕ್ಕೆ ಕರೆತಂದಿದ್ದ. ಹೆಂಡತಿ ಎಲ್ಲರೆದುರಿಗೂ ಅವನ ಮಫ್ಲರ್ ಬಿಗಿದು ಕಟ್ಟಿ, "ಗಂಟಲು ಹುಷಾರು" ಎಂದು ಗದರಿದಳು. ಅವನು ಕರುವಿನಂತೆ ನಿಂತಿದ್ದ.

"ಇದು ನಿಮಗೆ ಮೊದಲೇ ಗೊತ್ತಿತ್ತಾ?" ಎಂದು ಹೊಲಿಗೆಯಮ್ಮನನ್ನು ಕೇಳಿದೆ.

"ಊರಿಗೇ ಗೊತ್ತು. ನಿಮಗೆ ಗೊತ್ತಿಲ್ಲದ್ದು ಇದೊಂದೇ ಅಂದ್ಕೊಂಡ್ರಾ?"

"ಇನ್ನೇನಿದೆ?"

"ಬೇಲಿ ಹೊಲ ಮೇಯೋದು ಅಂತ ಗಾದೆ ಕೇಳಿದೀರಾ?"

"ಕೇಳಿದೀನಿ."

"ಬರೀ ಕೇಳಿದ್ರೆ ಆಗಲ್ಲ, ಪಿಸು" ಎಂದು ಗುಂಡಿ ಹೊಲಿಯತೊಡಗಿದರು.

ಇರಲಿ, ಭಯ ಹೋಯಿತಲ್ಲ. ಮಫ್ಲರ್ ಅಲ್ಲವೆಂದರೆ ಇನ್ನಾರೂ ಇಲ್ಲ. ಭಯ ಹೋದ ಮೇಲೂ 'ಹೂಂ' ಎನ್ನುವ ಪದ ಮಾತ್ರ ಬಾಯಿಗೆ ಬರುತ್ತಿಲ್ಲ. ಹಾಗಾದರೆ ಭಯ ಮಫ್ಲರ್‌ನದಲ್ಲವೇ? ಯಾವುದರದ್ದು? ಸಂಜೆ ಮೊಳೆ ಬಂದಿದ್ದ, ಬಾಗಿಲು ನೋಡಲು. ನನ್ನ ಮಂಡಿಗೆಂದು ಒಂದು ಕಾಲುಮಣೆ ಮಾಡಿ ತಂದಿದ್ದ. ಎತ್ತರ ಸರಿಯಾಗಿದೆ. ಅಳತೆ ಯಾವಾಗ ತೆಗೆದನೋ.

ಏಪ್ರಿಲ್ ೨೦, ಭಾನುವಾರ

ಇವತ್ತಿನದನ್ನು ಆದ ಹಾಗೆಯೇ ಬರೆಯುತ್ತೇನೆ. ಆಮೇಲೆ ಓದಿದರಾದರೂ ಅರ್ಥವಾದೀತು.

ಬೆಳಿಗ್ಗೆ ಚಹಾ ಕುಡಿಯುತ್ತಿದ್ದೆ. ಅಡುಗೆಮನೆಯಿಂದ ಒಂದು ಬೆಕ್ಕು ನಡೆದು ಬಂತು. ಬೂದು ಬಣ್ಣದ್ದು. ನನ್ನನ್ನು ನೋಡಿತು, ಹಾಲಿನ ಪಾತ್ರೆಯನ್ನು ನೋಡಿತು, ಯಾವುದು ಮುಖ್ಯವೋ ಅತ್ತ ಹೋಯಿತು. ನಾನು ಸುಳ್ಳಿನಲ್ಲಿ ಕಟ್ಟಿದ ಬೆಕ್ಕು ನಾನು ಬಳಿದ ಬಣ್ಣದಲ್ಲೇ ಎದುರಿಗೆ ನಿಂತಿದೆ.

ಹಿಂಬಾಗಿಲು ತೆರೆದಿತ್ತು. ಬೀಗ ಹಾಕಿಯೇ ಇತ್ತು. ಜಡಿದ ಬೀಗ, ಎಳೆದ ಚಿಲಕ, ಎರಡೂ ಕದದ ಜೊತೆ ತೂಗಾಡುತ್ತಿದ್ದವು. ಚಿಲಕ ಸಿಕ್ಕಿಸುವ ಕೊಂಡಿಯೂ ಚೌಕಟ್ಟಿನಿಂದ ಎದ್ದು ಬಂದಿತ್ತು. ಬೆರಳಿಟ್ಟು ನೋಡಿದೆ. ತಿರುಪು ಇಲ್ಲ, ಮೊಳೆ ಇಲ್ಲ. ಇಷ್ಟು ದಿನ ಕೊಂಡಿ ತೂತಿನಲ್ಲಿ ಸುಮ್ಮನೆ ಕೂತಿತ್ತು. ನಾಟಕದ ಬಾಗಿಲು ಹೀಗೆಯೇ ಇರುತ್ತದೆ. ಕೊನೆಯ ಅಂಕದಲ್ಲಿ ನಾಯಕ ಒಂದು ಬೆರಳಿನಿಂದ ತಳ್ಳಿದರೆ ತೆರೆಯಬೇಕು, ಬೀಗ ಮಾತ್ರ ಬಿಗಿಯಾಗಿ ಕಾಣಬೇಕು.

"ಇದು ನಿನಗೆ ಗೊತ್ತಿತ್ತಾ?" ಎಂದು ಕೂಗಿದೆ.

ನಮ್ಮ ಹುಡುಗಿ ಒದ್ದೆ ಕೈ ಒರೆಸಿಕೊಂಡು ಬಂದಳು. "ಹಾಕಿದ ಮಾರನೇ ದಿನವೇ ಗೊತ್ತಾಯ್ತು. ಬುಟ್ಟಿ ಎತ್ಕೊಂಡು ಬಾಗಿಲಿಗೆ ಒರಗಿದೆ. ತೆರ್ಕೊಂತು."

"ಮತ್ತೆ?"

"ಮತ್ತೆ ಮುಚ್ಚಿ, ಕೊಂಡಿ ಒತ್ತಿಟ್ಟೆ."

"ಎಷ್ಟು ಸಲ ಹೋಗಿದೀಯ ಇದ್ರಿಂದ?"

"ಒಂದ್ಸಲಾನೂ ಇಲ್ಲ."

"ಯಾಕೆ?"

ಅವಳು ನನ್ನ ಮುಖ ನೋಡಿದಳು, ಸಿಟ್ಟಿರಲಿಲ್ಲ. "ನೀವು ಬೀಗ ಹಾಕಿದೀರಲ್ಲ ದೊಡ್ಡಪ್ಪ."

ದಾರಿ ತಿಳಿಯದಾಗ ಎಲ್ಲರೂ ಮಾಡುವುದನ್ನೇ ಮಾಡಿದೆ, ಕೆಲಸ ಮಾಡಿದವನನ್ನು ಬೈಯಲು ಕರೆಸಿದೆ.

ಮೊಳೆ ಪೆಟ್ಟಿಗೆ ಹಿಡಿದು ಬಂದ. ಬಾಗಿಲು ನೋಡಿದ. ಒಂದೊಂದಾಗಿ ತುಟಿಯಿಂದ ಮೊಳೆ ತೆಗೆದು ಅಂಗೈಯಲ್ಲಿ ಇಟ್ಟುಕೊಂಡ.

"ಸಾರ್, ನಿಜವಾಗ್ಲೂ ಗೊತ್ತಾಗ್ಲಿಲ್ಲ. ನಾನು ನಿಜವಾದ ಬಾಗಿಲು ಯಾವತ್ತೂ ಮಾಡಿಲ್ಲ. ಬರೀ ನಾಟಕದ್ದೇ. ಮರ ಉಜ್ಜೋವಾಗ ಮನಸ್ಸು ಇಲ್ಲಿರ್ಲಿಲ್ಲ. ಕೈ ತನಗೆ ಗೊತ್ತಿರೋದನ್ನ ಮಾಡ್ಬಿಡ್ತು."

"ಮನಸ್ಸು ಎಲ್ಲಿತ್ತು?"

ಅವನು ಬಾಯಿ ತೆರೆದ. ತೆರೆದದ್ದು ತೆರೆದೇ ಇತ್ತು. ಕಣ್ಣು ಅಡುಗೆಮನೆಯ ಕಂಬದ ಕಡೆಗೆ ಹೋಯಿತು, ಅಲ್ಲಿ ನಮ್ಮ ಹುಡುಗಿ ನಿಂತಿದ್ದಳು. ಮತ್ತೆ ನನ್ನ ಕಡೆ ಬಂತು.

ಈ ಮುಖ ನನಗೆ ಚೆನ್ನಾಗಿ ಗೊತ್ತು. ಜೀವಮಾನವೆಲ್ಲ ಮುಕ್ಕಾಲಿಯ ಮೇಲೆ ಕೂತು ನೋಡಿದ ಮುಖ. ಒಳಗೆ ಮಾತಿದೆ, ಹೊರಗೆ ಬರುತ್ತಿಲ್ಲ. ಬೇರೆ ಯಾವುದೂ ನನಗೆ ಹೊಳೆಯಲಿಲ್ಲ. ಬಾಗಿಲು ಮರೆತೆ, ಬೆಕ್ಕು ಮರೆತೆ, ನಾನು ಯಾರೆಂಬುದೂ ಮರೆತೆ. ಮನುಷ್ಯ ಮಾತಿಲ್ಲದೆ ನಿಂತಿದ್ದಾನೆ, ಅಷ್ಟೆ.

"ಯಜಮಾನರೇ" ಎಂದು ಪಿಸುಗುಟ್ಟಿದೆ.

ಅವನು ಬೆಚ್ಚಿದ.

"ನಿಮ್ಮ ಬೀಗಗಳೆಲ್ಲ ನಿಮಗೇ ಇರಲಿ" ಎಂದೆ. ಹಿಡಿಯಲಿಲ್ಲ. ನಿಯಮದಂತೆ ಉಳಿದದ್ದನ್ನೂ ಎತ್ತಿಕೊಟ್ಟೆ. "ನಿಮ್ಮ ಹುಡುಗಿಯನ್ನು ನನಗೆ ಕೊಡಿ."

ಹೇಳಿದ ಮೇಲೆ ನನ್ನದೇ ಮಾತು ನನ್ನ ಕಿವಿಗೆ ಬಿತ್ತು. ಬೇಲಿ, ಹೊಲ, ಕಾಲುಮಣೆ, ಮೂಗಿನ ಮೇಲಿನ ಹೊಟ್ಟು, ಎಲ್ಲ ಒಟ್ಟಿಗೆ ಬಂದು ತಲೆಯಲ್ಲಿ ಡಿಕ್ಕಿ ಹೊಡೆದವು. ಸಭಾಂಗಣದಲ್ಲಾದರೆ ಇಲ್ಲಿ ನಗು ಬರಬೇಕು. ಬೆಕ್ಕು ಹಾಲು ನೆಕ್ಕುವುದು ಕೇಳಿಸುತ್ತಿತ್ತು.

ಮೊಳೆ ನಿಧಾನವಾಗಿ ತಲೆ ಅಲ್ಲಾಡಿಸಿದ. "ಹಾಗಲ್ಲ ಸಾರ್. ಕೊಡಿ ಅಂತ ಕೇಳಕ್ಕೆ ಅವರು ಸಾಮಾನಲ್ಲ. ನನ್ನ ಜೊತೆ ಬರ್ತೀನಿ ಅಂತ ಅವರೇ ಹೇಳಿದಾರೆ. ಆದ್ರೆ ನೀವು ಒಪ್ಪದೆ ಹೊಸಿಲು ದಾಟಲ್ಲ ಅಂದಿದಾರೆ. ನಾನೂ ದಾಟಿಸಲ್ಲ. ಕೇಳಕ್ಕೆ ಎಷ್ಟೋ ಸಲ ಬಂದೆ. ಪ್ರತಿ ಸಲಾನೂ ಬಾಗಿಲು ನೋಡ್ಕೊಂಡು ವಾಪಸ್ ಹೋದೆ."

ಇಷ್ಟು ಮಾತು ಅವನೊಳಗೆ ಇತ್ತೆಂದು ಯಾರಿಗೆ ಗೊತ್ತಿತ್ತು. ಎತ್ತಿಕೊಟ್ಟ ಸಾಲನ್ನು ಪಕ್ಕಕ್ಕಿಟ್ಟು ತನ್ನದೇ ಸಾಲು ಹೇಳಿದವನನ್ನು ನನ್ನ ಇಡೀ ವೃತ್ತಿಯಲ್ಲಿ ಇವನೊಬ್ಬನನ್ನೇ ಕಂಡೆ.

ಈಗ ಸರದಿ ನನ್ನದು. ಎದುರಿನವರ ಮಾತೆಲ್ಲ ಬಾಯಿಪಾಠ ಇರುವ ನನಗೆ ನನ್ನ ಮಾತು ಯಾವುದೆಂದು ಹೊಳೆಯಲಿಲ್ಲ. ಅಭ್ಯಾಸಬಲದಿಂದ ಪಕ್ಕಕ್ಕೆ ನೋಡಿದೆ. ಪರದೆ ಇರುವ ಜಾಗದಲ್ಲಿ ಕಂಬ, ಕಂಬಕ್ಕೆ ಒರಗಿ ನಮ್ಮ ಹುಡುಗಿ. ಅವಳಿಗೆ ನನ್ನ ಮಾತು ಗೊತ್ತಿತ್ತು. ಒಂದೇ ಅಕ್ಷರದ್ದು. ತುಟಿ ಕಚ್ಚಿಕೊಂಡಿದ್ದಳು, ಆದರೆ ಎತ್ತಿಕೊಡಲಿಲ್ಲ. ಬಾಗಿಲು ತಳ್ಳದೆ ನಿಂತ ಹಾಗೆಯೇ ನಿಂತಿದ್ದಳು.

"ಇನ್ನೊಂದ್ಸಲ" ಎಂದೆ. ಮೇಡಂ ಮಾತು ಬಾಯಿಗೆ ಬಂದಿತ್ತು. "ಇನ್ನೊಂದ್ಸಲ ಕೇಳು. ಸರಿಯಾಗಿ ಕೇಳಿಸ್ಲಿಲ್ಲ."

ಅವನು ಇನ್ನೊಂದು ಸಲ ಕೇಳಿದ. ಈ ಸಲ ಎಲ್ಲೂ ತಡವರಿಸಲಿಲ್ಲ.

"ಹೂಂ" ಎಂದೆ.

ಯಾರು ಎತ್ತಿಕೊಟ್ಟರೋ ಗೊತ್ತಿಲ್ಲ.

ಏಪ್ರಿಲ್ ೨೭, ಭಾನುವಾರ

ಇಲ್ಲಿನ ಕೊನೆಯ ಪ್ರದರ್ಶನ. "ಗಾಳಿ ಜಾಸ್ತಿ" ಎಂದಾಗ ಜನ ನಕ್ಕರು. ನನಗೂ ನಗು ತಡೆಯಲಾಗಲಿಲ್ಲ. ಮೇಡಂ ಬೈದರು, "ಮುದುಕ ನಗಬಾರದು ಪಿಸು, ಅವನಿಗೆ ಗೊತ್ತಿಲ್ಲ." ನಿಜ, ಅವನಿಗೆ ಪಾಪ ಗೊತ್ತಿಲ್ಲ.

ಮೇ ೪, ಭಾನುವಾರ

ಹೋದರು. ಮೊನ್ನೆ ನಮ್ಮ ಮುಂದಿನ ಕೋಣೆಯಲ್ಲೇ, ತಂಡದವರೆದುರು, ಗಂಡಹೆಂಡತಿಯಾಗಿ ಅದೇ ದಿನ ಲಾರಿ ಹತ್ತಿದರು. ಅರಮನೆ ಹಿಂದೆ, ಇವರು ಮುಂದೆ. ಬೀಗ ಹಾಕಿದವನಿಗೆ ಸಿಕ್ಕಿದ್ದು ಬೀಗರು. ಈ ತಮಾಷೆಯನ್ನು ಮೊಳೆಯ ಅಮ್ಮನಿಗೆ ಹೇಳಿದೆ. ನಕ್ಕರು. ಅವರ ಬಾಯಲ್ಲಿ ಏನೂ ಇರಲಿಲ್ಲ.

ಲಾರಿ ಹತ್ತುವ ಮೊದಲು ಮೊಳೆ ಹಿಂಬಾಗಿಲ ಹತ್ತಿರ ಹೋಗಿ, "ಸಾರ್, ಈಗ ನಾಲ್ಕು ತಿರುಪು ಹಾಕಿ ಸರಿ ಮಾಡ್ಬಿಡ್ಲಾ?" ಎಂದು ಕೇಳಿದ.

"ಬೇಡ, ಇರಲಿ" ಎಂದೆ. "ಸಾರ್ ಅನ್ನೋದು ಸರಿ ಮಾಡ್ಕೋ ಮೊದಲು."

ಕಿಟಕಿ ಪೂರ್ತಿ ತೆರೆದಿದ್ದೇನೆ. ಗಾಳಿ ಅಂಥದ್ದೇನೂ ಇಲ್ಲ. ಪಿಯಾನೊ ಮುಚ್ಚಳದ ಮೇಲೆ ಬೆಕ್ಕು ಮಲಗಿದೆ. ಇದನ್ನು ನಾನೇ ಕರೆದದ್ದೋ, ಅದಾಗಿಯೇ ಬಂದದ್ದೋ, ಈಗಲೂ ಸ್ಪಷ್ಟವಿಲ್ಲ.

ಸಂಜೆ ಎಂದಿನಂತೆ ಹಿಂಬಾಗಿಲ ಚಿಲಕ ಎಳೆದು, ಠಣ್ ಎನ್ನಿಸಿ, ಬೀಗ ಜಡಿದು ಕೂತೆ. ಸ್ವಲ್ಪ ಹೊತ್ತಿಗೆ ಹೊಲಿಗೆಯಮ್ಮ ಒಂದು ಡಬ್ಬಿ ಹಿಡಿದು ಅಡುಗೆಮನೆಯ ಕಡೆಯಿಂದ ಒಳಗೆ ಬಂದರು.

"ಏನ್ರೀ ಪಿಸು, ಒಂಟಿ ಮನುಷ್ಯ, ಬಾಗಿಲಿಗೆ ಬೀಗ ಹಾಕ್ಕೋಬಾರದಾ?"

"ಹಾಕಿದೀನಲ್ಲ" ಎಂದೆ.